ದೊಡ್ಡಮ್ಮ ತಿಂದ ಗಂಜಿ

ದೊಡ್ಡಮ್ಮ ಹೋಗಿ ಮೂರು ತಿಂಗಳಾಯಿತು. ಶರ್ಟ್ ಫ್ಯಾಕ್ಟರಿಯ ಶಿಶುವಿಹಾರದಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ಈಗ ಅವಳ ಬಗ್ಗೆ ಯಾರು ಮಾತೆತ್ತಿದರೂ ಮೊದಲು ಬರುವುದು ಅವಳ ಕೈಗುಣದ ಮಾತು. ಎಂಥ ಹಟಮಾರಿ ಮಗುವಾದರೂ ಅವಳ ಚಮಚಕ್ಕೆ ಬಾಯಿ ಬಿಡುತ್ತಿತ್ತು, ಅವಳು ಸೋತದ್ದನ್ನು ಕಂಡವರೇ ಇಲ್ಲ ಎನ್ನುತ್ತಾರೆ. ಹೋದವರ ಬಗ್ಗೆ ಜನ ಒಳ್ಳೆಯದನ್ನೇ ಆಡುತ್ತಾರೆ, ಆಡಲಿ. ಆದರೆ ಅವಳು ಸೋತಿದ್ದಳು. ಒಂಬತ್ತು ತಿಂಗಳ ಒಂದು ಹೆಣ್ಣುಮಗುವಿನ ಎದುರು ಸೋತು, ಆ ಸೋಲನ್ನು ಮುಚ್ಚಿಡಲು ಹೋಗಿ ಮಾಡಬಾರದ್ದನ್ನು ಮಾಡಿದ್ದಳು. ಕೊನೆಯ ಕಾಯಿಲೆಯಲ್ಲಿ ಗೆಳತಿಯೊಬ್ಬಳಿಗೆ ಅದನ್ನು ಹೇಳುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಹೇಳಿ ಮುಗಿಸಿ, "ಇದನ್ನ ಬಿಟ್ಟು ನನ್ನ ಹೊಗಳಿದ್ರೆ ಅದು ನಾನಲ್ಲ ಕಣೇ" ಅಂದಿದ್ದಳು. ಆದ್ದರಿಂದ ಬಿಡದೆ ಹೇಳುವುದೇ ಸರಿ.

ಅವಳು ಆ ಫ್ಯಾಕ್ಟರಿಗೆ ಸೇರಿದ್ದು ಹೊಲಿಗೆಯವಳಾಗಿ, ಹತ್ತೊಂಬತ್ತನೆಯ ವಯಸ್ಸಿಗೆ. ಮದುವೆಯಾದ ಎರಡನೆಯ ವರ್ಷ ಗಂಡ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅದೇ ವರ್ಷ ಮಿಷಿನ್ನಿನ ಸೂಜಿ ಅವಳ ಬಲಗೈ ತೋರುಬೆರಳಿನ ಉಗುರನ್ನು ತೂರಿಕೊಂಡು ಇಳಿದು ಒಳಗೇ ಮುರಿಯಿತು. ಬೆರಳು ಉಳಿಯಿತು, ಅದರ ಚುರುಕು ಉಳಿಯಲಿಲ್ಲ. ಹೊಲಿಯಲಾರದವಳನ್ನು ಮನೆಗೆ ಕಳಿಸುವ ಬದಲು ಮ್ಯಾನೇಜರು ಶಿಶುವಿಹಾರಕ್ಕೆ ಹಾಕಿದರು. ಹೊಸದರಲ್ಲಿ ತಾಯಂದಿರು ಅವಳ ಕೈಗೆ ಮಗು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. "ಹೆತ್ತು ಗೊತ್ತಿಲ್ಲ, ಹೊತ್ತು ಗೊತ್ತಿಲ್ಲ, ಇವಳೇನ್ ನೋಡ್ಕೋತಾಳೆ?" ಎಂದು ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬಳು ಅಂದದ್ದು ಅವಳ ಕಿವಿಗೇ ಬಿತ್ತು. ಅವಳು ಜಗಳಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಚಮಚ ಹಿಡಿದಳು. ಎರಡು ವರ್ಷದೊಳಗೆ ಆ ಮಾತು ಆಡಿದವಳೇ ಅವಳನ್ನು ದೊಡ್ಡಮ್ಮ ಎಂದು ಕರೆಯತೊಡಗಿದಳು. ಆಮೇಲೆ ಇಡೀ ಫ್ಯಾಕ್ಟರಿಗೆ ಅವಳು ದೊಡ್ಡಮ್ಮ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಇಸ್ತ್ರಿ ಮೇಸ್ತ್ರಿಗೂ ದೊಡ್ಡಮ್ಮ.

ಶಿಶುವಿಹಾರ ಬಟನ್ ವಿಭಾಗದ ಹಿಂದಿನ ಉದ್ದನೆಯ ಕೋಣೆ. ಗೋಡೆಯಾಚೆ ಬಟನ್ ಹಾಕುವ ಮಿಷಿನ್ನುಗಳು ಟಕಟಕ ಎನ್ನುತ್ತಿದ್ದರೆ ಈಚೆ ಮಕ್ಕಳಿಗೆ ಒಳ್ಳೆಯ ನಿದ್ದೆ. ಮಿಷಿನ್ ನಿಂತರೆ ಎಲ್ಲಕ್ಕೂ ಒಟ್ಟಿಗೆ ಎಚ್ಚರ. ಕಿಟಕಿಯ ಕೆಳಗೆ ಫ್ಯಾಕ್ಟರಿಯ ಬಡಗಿ ಮಾಡಿಕೊಟ್ಟ ತಗ್ಗಾದ ಮೇಜು. ಒಂದೇ ಉದ್ದನೆಯ ಹಲಗೆಯಲ್ಲಿ ಏಳು ಅರೆವೃತ್ತ ಕೊರೆದು, ಒಂದೊಂದರ ಹಿಂದೆ ಒಂದೊಂದು ಪುಟ್ಟ ಆಸನ. ಏಳು ಮಕ್ಕಳನ್ನು ಅದರಲ್ಲಿ ಸಾಲಾಗಿ ಕೂರಿಸಿ, ಎದುರಿಗೆ ಹೊಲಿಗೆ ವಿಭಾಗದಿಂದ ಬಂದ ಹಳೆಯ ಗಾಲಿ ಸ್ಟೂಲಿನ ಮೇಲೆ ದೊಡ್ಡಮ್ಮ ಕೂರುತ್ತಿದ್ದಳು. ತಾಯಂದಿರು ತಂದ ಏಳು ಡಬ್ಬಿ, ಏಳು ಚಮಚ. ಚಮಚ ಅದಲುಬದಲಾಗದಂತೆ ಒಂದೊಂದರ ಹಿಡಿಗೂ ಒಂದೊಂದು ಬಣ್ಣದ ನೂಲು ಸುತ್ತಿರುತ್ತಿದ್ದಳು. ಮೊದಲ ಬಾಯಿಗೆ ಒಂದು ಚಮಚ, ಕಾಲಲ್ಲಿ ನೆಲ ಒದ್ದು ಮುಂದಕ್ಕೆ ಸರಿದು ಎರಡನೆಯದಕ್ಕೆ ಒಂದು, ಹೀಗೆ ಏಳನೆಯದಕ್ಕೆ ಕೊಟ್ಟು ಜರ್ರನೆ ಹಿಂದಕ್ಕೆ ಬಂದರೆ ಅಷ್ಟರಲ್ಲಿ ಮೊದಲನೆಯದು ನುಂಗಿ ಬಾಯಿ ತೆರೆದಿರುತ್ತಿತ್ತು. ಹನ್ನೆರಡಕ್ಕೆ ಶುರು. ಹನ್ನೆರಡೂವರೆಗೆ ಗಂಟೆ ಹೊಡೆದು ತಾಯಂದಿರು ಹಾಲೂಡಿಸಲು, ತಾವೂ ಉಣ್ಣಲು ಬರುವ ಹೊತ್ತಿಗೆ ಏಳೂ ಡಬ್ಬಿ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಕವುಚಿ ಹಾಕಿ ಆಗಿರುತ್ತಿತ್ತು. ಕವುಚಿದ ಆ ಸಾಲನ್ನು ನೋಡಿಕೊಂಡೇ ಅವರು ಒಳಗೆ ಬರುತ್ತಿದ್ದರು.

ಚಮಚವೇ ಏಕೆ ಎಂಬುದಕ್ಕೂ ಕಾರಣವಿತ್ತು. ಬಹಳ ಹಿಂದೆ ಒಬ್ಬ ತಾಯಿ ಮಗುವಿನ ಕೈಗೆ ಬಿಸ್ಕತ್ತಿನ ಚೂರು ಕೊಟ್ಟು ಹೋಗಿ, ಅದು ಗಂಟಲಲ್ಲಿ ಸಿಕ್ಕಿ, ಮಗು ನೀಲಿಗಟ್ಟಿತ್ತು. ದೊಡ್ಡಮ್ಮ ಅದನ್ನು ಬೋರಲು ಹಾಕಿ ಬೆನ್ನಿಗೆ ಬಡಿದು ಉಳಿಸಿದಳು. ಅವತ್ತೇ ಪೇಂಟರನ್ನು ಹಿಡಿದು ತಂದು ಗೋಡೆಯ ಮೇಲೆ ಬರೆಸಿದಳು: 'ಮಕ್ಕಳ ಕೈಗೆ ತಿನ್ನಲು ಏನನ್ನೂ ಕೊಡಬಾರದು.' ಅದನ್ನು ಮೀರಿದವರಿಗೆ ಅವಳ ಬಾಯಿಂದ ಬಿಡುಗಡೆ ಇರಲಿಲ್ಲ. ಬಾಳೆಹಣ್ಣಿನ ತುಂಡು ಕೊಟ್ಟ ಒಬ್ಬಳಿಗೆ, "ಹೆತ್ತಿದ್ದು ಸಾಲ್ದೂಂತ ಕೊಲ್ಲೋದೂ ನೀನೇ ಮಾಡ್ತೀಯಾ?" ಎಂದು ಎಲ್ಲರೆದುರು ಕೇಳಿದ್ದಳು. ಆ ಹುಡುಗಿ ಅತ್ತುಕೊಂಡು ಹೋಗಿದ್ದಳು.

ಇದೆಲ್ಲ ನಡೆದು ಎಷ್ಟೋ ವರ್ಷದ ಮೇಲೆ, ದೊಡ್ಡಮ್ಮನಿಗೆ ನಲವತ್ತೈದು ದಾಟಿದಾಗ, ಕಾಲರ್ ಹುಡುಗಿಯ ಮಗು ಬಂತು.

ಕಾಲರ್ ಹುಡುಗಿ ಎಂದರೆ ಕಾಲರ್ ಕೂರಿಸುವ ಸಾಲಿನಲ್ಲಿ ಕೂರುತ್ತಿದ್ದ ಇಪ್ಪತ್ತಮೂರರ ಸಣಕಲಿ. ಚೊಚ್ಚಲು. ಮಾತು ಕಡಿಮೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದ ದಿನ ಮೊದಲ ಡಬ್ಬಿ ತಂದಳು. ತರಕಾರಿ ಬೇಯಿಸಿ, ಅರೆದು, ಬಟ್ಟೆಯಲ್ಲಿ ಸೋಸಿದ ಗಂಜಿ. ನಾಲ್ಕನೆಯ ಆಸನದಲ್ಲಿ ಮಗುವನ್ನು ಕೂರಿಸಿ ದೊಡ್ಡಮ್ಮ ಹಳದಿ ನೂಲಿನ ಚಮಚ ಹಿಡಿದಳು. ಮಗು ಚಮಚವನ್ನು ನೋಡಿತು. ಚಮಚ ಹಿಡಿದವಳ ಮುಖ ನೋಡಿತು. ಎರಡನ್ನೂ ಸಾವಧಾನವಾಗಿ ಪರಿಶೀಲಿಸಿ, ಅರ್ಜಿ ವಜಾ ಮಾಡಿದಂತೆ ಮುಖ ಆಚೆ ತಿರುಗಿಸಿತು.

"ಎಲಾ ಇವಳ! ನೀನೇನು ಜಡ್ಜಮ್ಮನಾ?" ದೊಡ್ಡಮ್ಮ ನಕ್ಕಳು. ಅಲ್ಲಿಂದ ಅದಕ್ಕೆ ಅದೇ ಹೆಸರಾಯಿತು. ಪೈಲ್ವಾನ, ಗಡಿಯಾರ, ಮೀಸೆಮಾವ ಎಂದು ಎಲ್ಲ ಮಕ್ಕಳಿಗೂ ಅವಳಿಟ್ಟ ಒಂದೊಂದು ಹೆಸರಿತ್ತು.

ತನ್ನ ಚೀಲದಲ್ಲಿದ್ದ ಉಪಾಯಗಳನ್ನೆಲ್ಲ ದೊಡ್ಡಮ್ಮ ಹೊರಗೆ ತೆಗೆದಳು. ಚಮಚವನ್ನು ವಿಮಾನ ಮಾಡಿ ಹಾರಿಸಿದಳು. ಕನ್ನಡಿ ತೋರಿಸಿದಳು. ತಾನೇ ಚಪ್ಪರಿಸಿ, "ಆಹಾ!" ಅಂದಳು. ಪಕ್ಕದ ಪೈಲ್ವಾನನಿಗೆ ಕೊಡುವಂತೆ ಮಾಡಿ ಸರಕ್ಕನೆ ಇತ್ತ ತಿರುಗಿಸಿದಳು. ಆಕಳಿಕೆ ಬರುವುದನ್ನೇ ಕಾದು ಕೂತಳು. ಜಡ್ಜಮ್ಮ ಆಕಳಿಸುವಾಗಲೂ ಕೈ ಅಡ್ಡ ಹಿಡಿಯಿತು. ಎರಡನೆಯ ದಿನ ಚಮಚ ಹಾರಿ ಮೀಸೆಮಾವನ ತಲೆಯ ಮೇಲೆ ಬಿತ್ತು. ಈ ನಾಲ್ಕನೆಯ ಆಸನದ ಹತ್ತಿರ ಸ್ಟೂಲು ನಿಂತಷ್ಟೂ ಮಿಕ್ಕ ಆರು ಬಾಯಿ ಬೊಬ್ಬೆ ಹೊಡೆಯುತ್ತಿದ್ದವು. ಹೊತ್ತು ಮೀರುತ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ದೊಡ್ಡಮ್ಮನ ಕಂಕುಳು ಬೆವರಿತು.

ಮೂರನೆಯ ದಿನ ಅವಳು ಮಗುವಿನ ಎರಡೂ ಕೈಗಳನ್ನು ತನ್ನ ಎಡಗೈಯಲ್ಲಿ ಒಟ್ಟಿಗೆ ಹಿಡಿದು, ಕೆನ್ನೆ ಒತ್ತಿ ಬಾಯಿ ಬಿಡಿಸಿ, ಚಮಚ ಒಳಗೆ ಇಳಿಸಿದಳು. ಮಗುವಿಗೆ ಉಮ್ಮಳಿಸಿತು. ಹಾಕಿದ್ದೂ, ಬೆಳಿಗ್ಗೆ ಕುಡಿದ ಹಾಲೂ ಅವಳ ಏಪ್ರನ್ ಮೇಲೆ ಬಂತು. ಆಮೇಲೆ ಮಗು ಅಳಲಿಲ್ಲ. ಉಸಿರು ಕಟ್ಟಿಕೊಂಡು ಅವಳನ್ನೇ ನೋಡಿತು, ಅವಳ ಕೈ ಇನ್ನೊಂದು ಸಲ ಬರುತ್ತದೋ ಇಲ್ಲವೋ ಎಂದು ಕಾಯುವವರ ಹಾಗೆ. ದೊಡ್ಡಮ್ಮ ಕೈ ಬಿಟ್ಟಳು. ಮಣಿಕಟ್ಟಿನ ಮೇಲೆ ತನ್ನ ಬೆರಳಿನ ಗುರುತು ಕೆಂಪಗೆ ಮೂಡಿದ್ದನ್ನು ಕಂಡಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ತಾಯಂದಿರು ಬಂದರು. ಕಟ್ಟೆಯ ಮೇಲೆ ಆರೇ ಡಬ್ಬಿ ಇದ್ದದ್ದು ಎಲ್ಲರಿಗೂ ಕಂಡಿತು.

"ಏನ್ ದೊಡ್ಡಮ್ಮ, ಒಂದು ಡಬ್ಬಿ ಕಾಣ್ತಿಲ್ಲ?" ಪೈಲ್ವಾನನ ತಾಯಿ ಕೇಳಿದಳು. ಅವಳದು ಯಾವಾಗಲೂ ದೊಡ್ಡ ಗಂಟಲು. "ಹೊಸ ಗಿರಾಕಿ ಮೂರು ದಿನದಿಂದ ಸತಾಯಿಸ್ತಿದೆಯಂತೆ? ನಿಮ್ಮ ಕೈಲೂ ಆಗದ ಮಗು ಹುಟ್ಟೇಬಿಡ್ತಾ?"

ಎಲ್ಲರೂ ನಕ್ಕರು. ಕಾಲರ್ ಹುಡುಗಿ ಮಾತ್ರ ನಗದೆ, "ತಿಂದ್ಲಾ ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದಳು.

"ತಿನ್ನದೆ ಎಲ್ಲಿಗೆ ಹೋಗ್ತಾಳೆ? ನೆಕ್ಕಿ ಖಾಲಿ ಮಾಡಿದಾಳೆ. ಡಬ್ಬಿ ತೊಳೆಯೋದು ಬಾಕಿ ಅಷ್ಟೇ."

ಮಾತು ಬಾಯಿಂದ ಬಿದ್ದಾಗಿತ್ತು. ತುಂಬಿದ ಡಬ್ಬಿ ಅವಳ ಬೆನ್ನ ಹಿಂದೆ, ಟವಲಿನ ಕೆಳಗಿತ್ತು.

ಒಂದು ಗಂಟೆಗೆ ಎಲ್ಲರೂ ಹೊರಟ ಮೇಲೆ ಅವಳು ಡಬ್ಬಿಯನ್ನು ಮೋರಿಯ ಹತ್ತಿರ ಒಯ್ದು ಮುಚ್ಚಳ ತೆಗೆದಳು. ಸುರಿಯಲು ಕೈ ಬರಲಿಲ್ಲ. ಗಂಜಿಯಲ್ಲಿ ಒಂದು ಗಂಟಿಲ್ಲ, ಒಂದು ನಾರಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಯಾರೋ ಬಟ್ಟೆ ಹಿಂಡುತ್ತ ನಿಂತಿದ್ದರು ಇದಕ್ಕೆ. ಹಾಸಿಗೆಗಳನ್ನು ಒಟ್ಟುವ ಮೂಲೆಯಲ್ಲಿ ಒಂದು ಪರದೆ ಇತ್ತು. ದೊಡ್ಡಮ್ಮ ಅದರ ಹಿಂದೆ ಹೋಗಿ, ನಿಂತುಕೊಂಡೇ, ಗಬಗಬ ಅಷ್ಟನ್ನೂ ತಿಂದಳು. ಡಬ್ಬಿ ತೊಳೆದು ಆರರ ಪಕ್ಕದಲ್ಲಿ ಕವುಚಿದಳು.

ಹೊಟ್ಟೆ ಅರ್ಧ ತುಂಬಿತ್ತಾದರೂ ಅಭ್ಯಾಸಬಲದಿಂದ ತನ್ನ ಊಟದ ಡಬ್ಬಿ ತೆಗೆದು ನೆಲದ ಮೇಲೆ ಕೂತಳು. ಅನ್ನ, ಬೇಯಿಸಿದ ಆಲೂಗಡ್ಡೆ. ಜಡ್ಜಮ್ಮ ರಬ್ಬರ್ ಚಾಪೆಯ ಮೇಲಿಂದ ಅಂಬೆಗಾಲಿಕ್ಕಿಕೊಂಡು ಬಂತು. ಅವಳ ಮೊಣಕಾಲು ಹಿಡಿದು ಎದ್ದು ನಿಂತು, ಡಬ್ಬಿಯೊಳಗೆ ಕೈ ಇಳಿಸಿ, ಆಲೂಗಡ್ಡೆಯ ಒಂದು ಹೋಳನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡಿತು. ದೊಡ್ಡಮ್ಮ ಹೌಹಾರಿದಳು. ಒಂದು ಕೈ ಮಗುವಿನ ಬೆನ್ನ ಹಿಂದೆ, ಇನ್ನೊಂದು ಕೈಯ ಬೆರಳು ಬಾಯಿಗೆ ಹಾಕಲು ಸಿದ್ಧ. ಮಗು ಹೋಳನ್ನು ವಸಡಿನಲ್ಲಿ ಮೆದ್ದಿತು. ನುಂಗಿತು. ಮತ್ತೆ ಕೈ ಇಳಿಸಿತು. ಮುಷ್ಟಿಯ ಮೇಲೆ ಕಾಣುವಷ್ಟನ್ನು ತಿಂದ ಮೇಲೆ ಒಳಗೆ ಉಳಿದದ್ದನ್ನು ಹೊರಗೆ ತರುವುದು ಹೇಗೆಂದು ತಿಳಿಯದೆ ತನ್ನ ಮುಷ್ಟಿಯನ್ನೇ ಗದರಿಸಿತು. ನಾಲ್ಕು ಹೋಳು ಮುಗಿಸಿ, ಮೂಗಿನ ಮೇಲೆಲ್ಲ ಆಲೂಗಡ್ಡೆ ಬಳಿದುಕೊಂಡು, ದೊಡ್ಡಮ್ಮನ ಮುಖ ನೋಡಿ ನಕ್ಕಿತು. ಗಂಟೆಯ ಹಿಂದೆ ಕೈ ಹಿಡಿದು ಹಿಂಸಿಸಿದವಳು ಇವಳೇ ಎಂಬುದು ಅದಕ್ಕೆ ಮರೆತೇ ಹೋಗಿತ್ತು. ದೊಡ್ಡಮ್ಮನಿಗೆ ಮರೆತಿರಲಿಲ್ಲ.

ಸಂಜೆ ಎಲ್ಲವನ್ನೂ ಹೇಳಿಬಿಡಬೇಕೆಂದುಕೊಂಡಳು. ಸಂಜೆ ಕಾಲರ್ ಹುಡುಗಿ ಬಂದು ಖಾಲಿ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, "ಪೂರ್ತಿನಾ? ನಮ್ಮತ್ತೆ ನಂಬೋದೇ ಇಲ್ಲ!" ಎಂದು ಬಾಯಿತುಂಬ ನಕ್ಕಳು. ಆ ಹುಡುಗಿ ನಕ್ಕದ್ದನ್ನು ದೊಡ್ಡಮ್ಮ ಅದುವರೆಗೆ ನೋಡಿರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು.

ನಾಳೆ ಪೈಲ್ವಾನನ ತಾಯಿ ಎದುರಿಗಿದ್ದಳು. ನಾಡಿದ್ದು ದೊಡ್ಡಮ್ಮನಿಗೇ ಬಾಯಿ ಬರಲಿಲ್ಲ. ಆಮೇಲೆ ಅದೊಂದು ರೂಢಿಯೇ ಆಗಿಹೋಯಿತು. ಮನೆಯಲ್ಲಿ ಬೆಳಿಗ್ಗೆ ಆಲೂಗಡ್ಡೆ, ಕ್ಯಾರೆಟ್, ಕುಂಬಳಕಾಯಿ, ಎರಡು ಬೆರಳ ನಡುವೆ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸಿ, ಮಗುವಿನ ಮುಷ್ಟಿಯಿಂದ ಆಚೆ ಸ್ವಲ್ಪ ಕಾಣುವಂತೆ ಉದ್ದುದ್ದ ಹೆಚ್ಚಿ, ತನ್ನ ಡಬ್ಬಿಗೆ ತುಂಬುತ್ತಿದ್ದಳು. ಹನ್ನೆರಡೂವರೆಗೆ ಕಟ್ಟೆಯ ಸಾಲಿನಲ್ಲಿ ಏಳನೆಯದಾಗಿ, ಮನೆಯಿಂದ ತಂದ ಅಂಥದೇ ಒಂದು ಖಾಲಿ ಡಬ್ಬಿ ಕವುಚಿಡುತ್ತಿದ್ದಳು. ಮಧ್ಯಾಹ್ನ ಒಂದರ ಮೇಲೆ, ಪರದೆಯ ಹಿಂದೆ, ಅವಳ ಡಬ್ಬಿ ಮಗುವಿಗೆ, ಮಗುವಿನ ಡಬ್ಬಿ ಅವಳಿಗೆ. ಉಪ್ಪಿಲ್ಲದ ಆ ತೆಳುಗಂಜಿ ಮಗುವಿಗೆಂದು ಮಾಡಿದ್ದು, ಒಂದೊಂದು ಚಮಚವೂ ಅದನ್ನು ನೆನಪಿಸುತ್ತಿತ್ತು. ಆದರೆ ಎದುರಿಗೆ ಕೂತು ತಿನ್ನುತ್ತಿದ್ದ ಜಡ್ಜಮ್ಮನನ್ನು ನೋಡಿದರೆ ನಗು ಉಕ್ಕುತ್ತಿತ್ತು. ಕ್ಯಾರೆಟ್ಟನ್ನು ಕಿವಿಯಲ್ಲಿ ಇಟ್ಟುಕೊಳ್ಳುವುದು, ಕುಂಬಳದ ಹೋಳನ್ನು ನೆಲಕ್ಕೆ ಒತ್ತಿ ಎತ್ತಿ ಅದರ ಗುರುತು ನೋಡುವುದು, ಚೆನ್ನಾಗಿದ್ದ ಒಂದನ್ನು ಅರ್ಧ ಕಡಿದು ದೊಡ್ಡಮ್ಮನ ಬಾಯಿಗೇ ತುರುಕಲು ಬರುವುದು. ತಾಯಿ ನೋಡಬೇಕಾದ್ದನ್ನು ತಾನು ಕದ್ದು ನೋಡುತ್ತಿದ್ದೇನೆ ಎಂದು ಅನ್ನಿಸಿದಾಗ ನಗು ಅಲ್ಲಿಗೇ ನಿಲ್ಲುತ್ತಿತ್ತು.

ವಾರ ಕಳೆದ ಮೇಲೆ ಕಾಲರ್ ಹುಡುಗಿ ಕೇಳಿದಳು: "ದೊಡ್ಡಮ್ಮ, ಮನೇಲಿ ಬಾಯೇ ಬಿಡಲ್ಲ ಇವಳು. ನೀವು ಹೇಗ್ ತಿನ್ನಿಸ್ತೀರಾ? ನಂಗೂ ಸ್ವಲ್ಪ ಹೇಳ್ಕೊಡಿ."

ದೊಡ್ಡಮ್ಮ ಕಿಟಕಿಯ ಕಡೆ ನೋಡಿದಳು. "ಬೆಳಕಿನ ಕಡೆ ಮುಖ ಮಾಡಿ ಕೂರಿಸು" ಅಂದಳು. ಹುಡುಗಿ ಕೂರಿಸಿದಳು, ಆಗಲಿಲ್ಲ. "ಚಮಚ ಬಿಸಿನೀರಲ್ಲಿ ಅದ್ದು" ಅಂದಳು. ಅದ್ದಿದಳು, ಆಗಲಿಲ್ಲ. ತೋಚಿದ್ದನ್ನೆಲ್ಲ ಹೇಳುತ್ತ ಹೋದಳು, ಹುಡುಗಿ ಒಂದನ್ನೂ ಬಿಡದೆ ಮಾಡುತ್ತ ಹೋದಳು. ಹಳದಿ ನೂಲು ಕೇಳಿ ಒಯ್ದು ಮನೆಯ ಚಮಚಕ್ಕೂ ಸುತ್ತಿದಳು. ಒಂದು ದಿನ ಕಣ್ಣು ಊದಿಸಿಕೊಂಡು ಬಂದು, "ನಮ್ಮತ್ತೆ ಹೇಳ್ತಾರೆ, ಹೊರಗಿನವರ ಕೈಲಿ ಡಬ್ಬಿ ಡಬ್ಬಿ ತಿನ್ನೋ ಮಗು ಹೆತ್ತವಳ ಕೈಲಿ ತಿನ್ನಲ್ಲ ಅಂದ್ರೆ ನಿನ್ನ ಕೈಯಲ್ಲೇ ಏನೋ ಇದೆ ಅಂತ" ಅಂದಳು. ಹೇಳಿ ತನ್ನ ಅಂಗೈಗಳನ್ನು ತಾನೇ ತಿರುಗಿಸಿ ನೋಡಿಕೊಂಡಳು. ಕಾಲರಿನ ಗಟ್ಟಿ ಬಟ್ಟೆ ಉಜ್ಜಿ ಉಜ್ಜಿ ಬೆರಳ ತುದಿಗಳು ಬಿಳಿಚಿದ್ದವು.

"ನಿಮ್ಮತ್ತೆಗೆ ಬೇರೆ ಕೆಲಸ ಇಲ್ವಾ?" ಎಂದು ದೊಡ್ಡಮ್ಮ ಸಿಡುಕಿದಳು. ಅತ್ತೆಯ ಮೇಲಲ್ಲ ಆ ಸಿಟ್ಟು.

ಮುಂದಿನ ಶನಿವಾರ ಸಂಜೆ ಹುಡುಗಿ ಎಲ್ಲರೂ ಹೋಗುವವರೆಗೆ ಬಾಗಿಲ ಹತ್ತಿರ ನಿಂತಿದ್ದಳು. "ದೊಡ್ಡಮ್ಮ, ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಏಪ್ರನ್ ಕೊಡ್ತೀರಾ? ಸೋಮವಾರ ತಂದ್ಕೊಡ್ತೀನಿ."

"ಯಾಕಮ್ಮ?"

"ನಿಮ್ಮ ವಾಸನೆಗೆ ತಿಂತಾಳೇನೋ ಅಂತ."

"ಒಗೆದಿಲ್ಲ ಕಣೇ ಅದು."

"ಒಗೀಬೇಡಿ. ಒಗೆದ್ರೆ ವಾಸನೆ ಹೋಗುತ್ತಲ್ಲ."

ಅವತ್ತಾದರೂ ಹೇಳಬಹುದಿತ್ತು. ಕೋಣೆಯಲ್ಲಿ ಮೂರನೆಯವರು ಇರಲಿಲ್ಲ. ದೊಡ್ಡಮ್ಮ ಮಾಡಿದ್ದಿಷ್ಟು: ಕುತ್ತಿಗೆಯ ಹಿಂದಿನ ಗಂಟು ಬಿಚ್ಚಿ, ಏಪ್ರನ್ ತೆಗೆದು, ಮಡಿಸಿ ಕೊಟ್ಟಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಸೋಮವಾರ ಏಪ್ರನ್ ವಾಪಸು ಬಂತು. ಎದೆಯ ಮೇಲೆ ಗಂಜಿ ಒಣಗಿ ಗರಿಗರಿಯಾಗಿತ್ತು. "ಇದಕ್ಕೂ ಬಾಯಿ ಬಿಡಲಿಲ್ಲ ದೊಡ್ಡಮ್ಮ" ಅಂದಳು ಹುಡುಗಿ. "ನಮ್ಮತ್ತೆ ನಕ್ಕೂ ನಕ್ಕೂ ಸಾಕಾದ್ರು."

ಆ ವಾರದ ಗುರುವಾರ ತೂಕದ ದಿನ. ತಿಂಗಳಿಗೊಮ್ಮೆ ನರ್ಸಮ್ಮ ತಕ್ಕಡಿ ತರುತ್ತಿದ್ದರು, ತಾಯಂದಿರು ಊಟದ ಹೊತ್ತಿನಲ್ಲಿ ಸುತ್ತ ನಿಲ್ಲುತ್ತಿದ್ದರು. ಜಡ್ಜಮ್ಮನನ್ನು ಕೂರಿಸಿ ಮುಳ್ಳು ನಿಂತಮೇಲೆ ನರ್ಸಮ್ಮ ಕನ್ನಡಕ ಏರಿಸಿದರು. "ನಾನೂರು ಗ್ರಾಂ ಏರಿದಾಳೆ! ದೊಡ್ಡಮ್ಮ, ಏನ್ ಹಾಕ್ತೀರಾ ಗಂಜಿಗೆ?"

"ಗಂಜಿಗೇನಲ್ಲ ಸಿಸ್ಟರ್, ಕೈಗುಣ!" ಪೈಲ್ವಾನನ ತಾಯಿ ಕೂಗಿದಳು. "ಅವರ ಕೈಗೆ ಒಂದು ಬಳೆ ಮಾಡಿಸಿ ಹಾಕ್ಬೇಕು ನಾವು."

ದೊಡ್ಡಮ್ಮನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನರ್ಸಮ್ಮ ತಕ್ಕಡಿ ಎತ್ತಿಕೊಂಡು ಹೋದರು. ಕೆಲಸಕ್ಕೆ ಇನ್ನು ಐದೇ ನಿಮಿಷ ಎನ್ನುವ ಗಂಟೆ ಹೊರಗೆ ಹೊಡೆಯಿತು, ತಾಯಂದಿರು ಒಬ್ಬೊಬ್ಬರಾಗಿ ಹೊರಟರು. ಕಾಲರ್ ಹುಡುಗಿ ಮಗುವಿಗೆ ಹಾಲೂಡಿಸಿ ಮುಗಿಸಿ, ಎಂದಿಗಿಂತ ಹೆಚ್ಚು ಹೊತ್ತು ಎದೆಗೊತ್ತಿಕೊಂಡು ಕೂತಿದ್ದಳು. ಆಮೇಲೆ ಹೇಳಿದಳು:

"ನಾಳೆಯಿಂದ ಮಧ್ಯಾಹ್ನ ನಾನು ಬರಲ್ಲ ದೊಡ್ಡಮ್ಮ. ಹಾಲು ಬಿಡಿಸ್ತಿದೀನಿ. ನನ್ನ ಹಾಲಿನ ರುಚಿ ಇರೋವರೆಗೂ ನನ್ನ ಕೈಲಿ ತಿನ್ನಲ್ವಂತೆ. ಎರಡು ದಿನ ಹಸಿದ್ರೆ ತಾನೇ ಬಾಯಿ ಬಿಡ್ತಾಳೆ ಅಂತ ಅತ್ತೆ. ಇಲ್ಲಿ ಹೇಗೂ ನಿಮ್ಮ ಕೈಲಿ ತಿಂತಾಳಲ್ಲ, ಪರವಾಗಿಲ್ಲ."

ಇಷ್ಟು ದಿನ ದೊಡ್ಡಮ್ಮ ಬಚ್ಚಿಟ್ಟದ್ದರಿಂದ ಮಗುವಿನ ಹೊಟ್ಟೆಗೆ ಏನೂ ಕಡಿಮೆಯಾಗಿರಲಿಲ್ಲ. ಅದೊಂದು ಸಮಾಧಾನವನ್ನು ಅವಳು ಹಿಡಿದುಕೊಂಡಿದ್ದಳು. ಈಗ ಅದೂ ಹೋಯಿತು.

"ಐದು ನಿಮಿಷ ನಿಲ್ಲು" ಅಂದಳು.

"ಲೈನ್ ಶುರುವಾಗುತ್ತೆ. ಸೂಪರ್‌ವೈಸರ್ ಬೈತಾರೆ."

"ಬೈಲಿ. ಇಲ್ಲಿ ಬಾ."

ಪರದೆ ಸರಿಸಿ, ಹುಡುಗಿಯನ್ನು ಹಾಸಿಗೆಗಳ ಮೇಲೆ ಕೂರಿಸಿದಳು. ಹೇಳಬೇಕೆಂದು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕೊನೆಗೆ ಟವಲಿನ ಕೆಳಗಿಂದ ಮಗುವಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹಳದಿ ನೂಲಿನ ಚಮಚದಿಂದ ಒಂದು ಚಮಚ ಗಂಜಿ ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು.

ಹುಡುಗಿಗೆ ಗಾಬರಿಯಾಯಿತು. "ಯಾಕೆ, ಹಳಸಿದೆಯಾ?"

ದೊಡ್ಡಮ್ಮ ತಲೆಯಾಡಿಸಿ ಎರಡನೆಯ ಚಮಚ ತಿಂದಳು. ಮೂರನೆಯದು.

"ದೊಡ್ಡಮ್ಮ, ಅದು ಪಾಪುದು."

"ಹೂಂ" ಅಂದಳು ದೊಡ್ಡಮ್ಮ, ಮತ್ತೆ ತಿಂದಳು. ಹುಡುಗಿಯ ಕಣ್ಣಿಗೆ ಕಣ್ಣು ಕೊಡದೆ, ಡಬ್ಬಿಯ ತಳ ಕೆರೆದು ಖಾಲಿಯಾಗುವವರೆಗೆ ತಿಂದಳು. ಆಮೇಲೆ ತನ್ನ ಡಬ್ಬಿ ತೆರೆದು ಚಾಪೆಯ ಮೇಲಿಟ್ಟಳು. ಜಡ್ಜಮ್ಮ ತಾಯಿಯ ತೊಡೆಯಿಂದ ಜಾರಿ ಇಳಿದು, ದಿನಾ ಬರುವ ಗಿರಾಕಿಯ ಹಾಗೆ ಡಬ್ಬಿಯ ಮುಂದೆ ಕೂತು, ಒಂದು ಕೈಯಲ್ಲಿ ಕ್ಯಾರೆಟ್ಟು, ಒಂದು ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನತೊಡಗಿತು.

ಹುಡುಗಿ ಮಗುವನ್ನು ನೋಡಿದಳು. ಖಾಲಿ ಡಬ್ಬಿಯನ್ನು ನೋಡಿದಳು. ಗೋಡೆಯಾಚೆ ಬಟನ್ ಮಿಷಿನ್ನುಗಳು ಶುರುವಾದವು.

"ಎಷ್ಟು ದಿನದಿಂದ?"

"ಇಪ್ಪತ್ತೆರಡು ದಿನ. ಒಂದೇ ಒಂದು ಚಮಚ ಕೂಡ ಅವಳು ನನ್ನ ಕೈಲಿ ತಿಂದಿಲ್ಲ. ಒಂದ್ ಸಲ ಬಲವಂತ ಮಾಡಿದೆ, ಕಕ್ಕಿದಳು. ಕೈಗೆ ಕೊಟ್ರೆ ಮಾತ್ರ ತಿಂತಾಳೆ."

"ನಾನು ನಿಮ್ಮ ಏಪ್ರನ್ ಹಾಕ್ಕೊಂಡು ಕೂತಿದ್ದೆ ದೊಡ್ಡಮ್ಮ." ಹುಡುಗಿಯ ದನಿ ಏರಲಿಲ್ಲ. "ಭಾನುವಾರ ಮೂರು ಹೊತ್ತೂ ಕೂತಿದ್ದೆ. ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತಮ್ಮ."

"ಮತ್ತೆ ನಂಗೆ ಆಗಿದ್ದು?"

ದೊಡ್ಡಮ್ಮ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು.

"ನನ್ನ ಕೈಲಿ ಆಗಲಿಲ್ಲ ಅಂತ ನೀವು ಒಂದೇ ಒಂದ್ ಮಾತು ಅಂದಿದ್ರೆ ಸಾಕಿತ್ತು" ಅಂದಳು ಹುಡುಗಿ. "ದೊಡ್ಡಮ್ಮನ ಕೈಲೇ ಆಗಲಿಲ್ಲ, ಇನ್ನು ನಂದೇನು ಅಂದ್ಕೊಂಡು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ ನಾನು."

ಬಾಗಿಲಲ್ಲಿ ಸೂಪರ್‌ವೈಸರ್ ಅವಳ ಮಿಷಿನ್ನಿನ ನಂಬರ್ ಹಿಡಿದು ಕೂಗಿದರು. ಹುಡುಗಿ ಮುಖ ಒರೆಸಿಕೊಂಡು ಎದ್ದಳು. ಹೋಗುವ ಮೊದಲು ಬಗ್ಗಿ ಮಗು ತಿನ್ನುವುದನ್ನು ಒಂದು ಗಳಿಗೆ ನೋಡಿದಳು. ಮಗು ಅರ್ಧ ಕಡಿದ ಕ್ಯಾರೆಟ್ಟನ್ನು ಅವಳ ಬಾಯಿಗೆ ಹಿಡಿಯಿತು. ಅವಳು ಅದನ್ನು ತಿಂದು, ಹಿಂತಿರುಗದೆ ಹೋದಳು.

ಚಹಾದ ಹೊತ್ತಿಗೆ ಇಡೀ ಫ್ಯಾಕ್ಟರಿಗೆ ಸುದ್ದಿಯಾಗಿರುತ್ತದೆ ಎಂದು ದೊಡ್ಡಮ್ಮ ಕಾದಳು. ಏನೂ ಆಗಲಿಲ್ಲ. ಸಂಜೆ ಪೈಲ್ವಾನನ ತಾಯಿ ಬಂದು ಎಂದಿನಂತೆ, "ಬರ್ತೀನಿ ದೊಡ್ಡಮ್ಮ, ಬಳೆ ಅಳತೆ ಕೊಡಿ" ಎಂದು ಚೇಷ್ಟೆ ಮಾಡಿ ಹೋದಳು. ಕಾಲರ್ ಹುಡುಗಿ ಯಾರಿಗೂ ಹೇಳಿರಲಿಲ್ಲ. ಬೈದು ಹರಾಜು ಹಾಕಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎನ್ನಿಸಿತು ದೊಡ್ಡಮ್ಮನಿಗೆ.

ಮರುದಿನ ಪೈಲ್ವಾನನಿಗೆ ಹಲ್ಲು ಬರುವ ಜ್ವರ. ಮೂರು ಚಮಚಕ್ಕೆ ಬಾಯಿ ಮುಚ್ಚಿ ಕೂತ. ಮೊದಲಾಗಿದ್ದರೆ ದೊಡ್ಡಮ್ಮ ಭೂಮಿ ಆಕಾಶ ಒಂದು ಮಾಡಿ ತಿನ್ನಿಸುತ್ತಿದ್ದಳು. ಅವತ್ತು ಚಮಚ ಕೆಳಗಿಟ್ಟಳು.

ಹನ್ನೆರಡೂವರೆಗೆ ಕಾಲರ್ ಹುಡುಗಿ ಬಂದಳು. ಬರುತ್ತಾಳೋ ಇಲ್ಲವೋ ಎಂದು ದೊಡ್ಡಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಹುಡುಗಿ ಅವಳ ಕಡೆ ನೋಡದೆ ಮಗುವನ್ನು ಎತ್ತಿಕೊಂಡು ಮೂಲೆಗೆ ಹೋಗಿ ಹಾಲೂಡಿಸಿದಳು. ಆಮೇಲೆ ಪರದೆಯ ಮರೆಗೆ ಹೋಗದೆ, ಎಲ್ಲರ ನಡುವೆ, ಗೋಡೆಯ ಬರಹದ ಕೆಳಗೇ ಕೂತು ಡಬ್ಬಿ ತೆರೆದಳು. ಒಳಗೆ ಬೇಯಿಸಿದ ಆಲೂಗಡ್ಡೆ. ಅವಸರದಲ್ಲಿ ಹೆಚ್ಚಿದ್ದು, ಕೆಲವು ಮುರಿದು ಹೋಗಿದ್ದವು. ಮಗು ಅವಳ ಅಂಗೈಯಿಂದಲೇ ಒಂದನ್ನು ಎತ್ತಿಕೊಂಡಿತು.

"ಅಯ್ಯೋ, ಏನೇ ಇದು!" ಪೈಲ್ವಾನನ ತಾಯಿ ಹೆದರಿ ದನಿ ತಗ್ಗಿಸಿದಳು. "ಕೈಗೆ ಕೊಡ್ತಿದೀಯಾ? ದೊಡ್ಡಮ್ಮ ನೋಡಿದ್ರೆ ಸಿಗಿದು ಹಾಕ್ತಾರೆ."

ಹುಡುಗಿ ಇನ್ನೊಂದು ಹೋಳನ್ನು ಅಂಗೈ ಮೇಲಿಟ್ಟುಕೊಂಡಳು. ದೊಡ್ಡಮ್ಮ ಕಟ್ಟೆಯ ಮೇಲಿನಿಂದ ಪೈಲ್ವಾನನ ತುಂಬಿದ ಡಬ್ಬಿಯನ್ನು ಎತ್ತಿ ತಂದು ಅವನ ತಾಯಿಯ ಮುಂದೆ ಹಿಡಿದಳು.

"ಇವತ್ತು ತಿನ್ನಲಿಲ್ಲ" ಅಂದಳು. "ನನ್ನ ಕೈಲಿ ಆಗಲಿಲ್ಲ. ಆ ಮಗುದೂ ಅಷ್ಟೇ, ಒಂದು ದಿನವೂ ನನ್ನ ಕೈಲಿ ಆಗಲಿಲ್ಲ. ಅವಳ ಗಂಜಿ ಇಷ್ಟು ದಿನ ತಿಂದಿದ್ದು ನಾನು. ಚಮಚ ಒಪ್ಪದ ಮಗುಗೆ ಹೀಗೆ ಮೆತ್ತಗೆ ಬೇಯಿಸಿ, ಪಕ್ಕದಲ್ಲೇ ಕೂತು, ಕೈಗೆ ಕೊಡಬೇಕು. ಅದನ್ನ ಬೇಡ ಅಂತ ನಿಮಗೆಲ್ಲ ಬೈದಿದ್ದು ನನ್ನ ತಪ್ಪು."

ಯಾರೂ ನಗಲಿಲ್ಲ. ಪೈಲ್ವಾನನ ತಾಯಿ ಡಬ್ಬಿ ತೆಗೆದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಆರು ಜೋಡಿ ಕಣ್ಣು ತನ್ನ ಮೇಲಿದ್ದದ್ದು ದೊಡ್ಡಮ್ಮನಿಗೆ ಮೈಯೆಲ್ಲ ತಿಳಿಯುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಏಳನೆಯ ಜೋಡಿ, ಅದು ಮೇಲಕ್ಕೆ ಏಳಲಿಲ್ಲ. ಹುಡುಗಿ ಮಗುವಿನ ಗಲ್ಲಕ್ಕೆ ಮೆತ್ತಿದ್ದನ್ನು ಬೆರಳಿಂದ ತೆಗೆಯುತ್ತಿದ್ದಳು.

"ಆಯಾ" ಎಂದು ಕರೆದಳು. "ಸ್ವಲ್ಪ ನೀರು ಕೊಡಿ. ಇವಳಿಗೆ ಬೇಕು."

ದೊಡ್ಡಮ್ಮ ನೀರು ತಂದುಕೊಟ್ಟಳು.